ಶೀಲ್ ಫಾಟಾದಲ್ಲಿ ಮಿಣುಕುವ ದೀಪಗಳು

ನನಗೆ ದಿನಚರಿ ಬರೆಯುವ ಅಭ್ಯಾಸ ಶಾಲೆಯ ಕಾಲದಿಂದಲೂ ಇದೆ. ಅದರಲ್ಲಿ ಮನಸ್ಸಿನ ಮಾತೇನೂ ಇರುವುದಿಲ್ಲ. ತಾರೀಖು, ವಾರ, ನೀರು ಬಂತೇ ಇಲ್ಲವೇ, ಲೋಕಲ್ ರೈಲು ತಡವಾಯಿತೇ ಇಲ್ಲವೇ, ಅಷ್ಟೇ. ತಡವಾದ ಗಾಡಿಗೊಂದು ನೆಟ್ಟಗಿನ ಗೆರೆ. ನಾಲ್ಕು ಗೆರೆಯಾದರೆ ಐದನೆಯದು ಅಡ್ಡ. 2012ರ ಮಳೆಗಾಲ ಮುಗಿದ ಮೇಲಿನ ಪುಟಗಳನ್ನು ಈಗ ತೆಗೆದು ನೋಡಿದರೆ ಆ ವಾರಗಳಲ್ಲಿ ಕಾರಿನ ದೀಪಗಳ ವಿಷಯ ಮಾತ್ರ ಸಿಗುತ್ತದೆ: ಹೊತ್ತಿತು, ಆರಿತು, ಮಿಣುಕಿತು. ಪಪ್ಪನ ಬಗ್ಗೆ ಒಂದು ಸಾಲೂ ಇಲ್ಲ. ಬರೆದರೆ ಅದು ನಿಜವಾಗಿಬಿಡುತ್ತದೆ ಎಂಬ ಹೆದರಿಕೆ ಇದ್ದಿರಬೇಕು. ಆದ್ದರಿಂದ ಇದನ್ನೆಲ್ಲ ನೆನಪಿನಿಂದಲೇ ಬರೆಯುತ್ತಿದ್ದೇನೆ.

ನಾವಿದ್ದುದು ಡೊಂಬಿವಲಿ ಪೂರ್ವದಲ್ಲಿ. ಉಡುಪಿ ಕಡೆಯಿಂದ ಬಂದ ಪಪ್ಪ ಮತ್ತು ದೊಡ್ಡಪ್ಪ ಸೇರಿ ಕೋಪರಖೈರಣೆಯಲ್ಲಿ ಸಣ್ಣದೊಂದು ಶಾಕಾಹಾರಿ ಹೋಟೆಲು ನಡೆಸುತ್ತಿದ್ದರು. ಅಲ್ಲಿಯ ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೂರನೆಯವನು ಹೊರಗೆ. ರುಬ್ಬುವ ಯಂತ್ರ ಇಡಲು ಜಾಗವೇ ಇರಲಿಲ್ಲ. ಹಾಗಾಗಿ ನಮ್ಮ ಕಟ್ಟಡದ ಹಿಂದೆ ಬಾಡಿಗೆಗೆ ಹಿಡಿದಿದ್ದ ಗಾಳಾದಲ್ಲಿ, ಅಂದರೆ ಶಟರ್ ಬಾಗಿಲಿನ ಸಣ್ಣ ಮಳಿಗೆಯಲ್ಲಿ, ಸಂಜೆ ಹಿಟ್ಟು ರುಬ್ಬಿ, ಹುಳಿ ಬರಲು ಬಿಟ್ಟು, ಬೆಳಕು ಹರಿಯುವ ಮುಂಚೆ ಸ್ಟೀಲಿನ ಡ್ರಮ್ಮುಗಳಲ್ಲಿ ತುಂಬಿ ಹೋಟೆಲಿಗೆ ಸಾಗಿಸುತ್ತಿದ್ದರು.

ಹಿಟ್ಟು ಅಳೆಯುವುದು ದೊಡ್ಡಪ್ಪನ ಕೆಲಸ. ದೊಡ್ಡ ಚೊಂಬಿನಿಂದ ಮೊಗೆಮೊಗೆದು ಡ್ರಮ್ಮಿಗೆ ಸುರಿಯುತ್ತ ತುಳುವಿನಲ್ಲಿ ಗಟ್ಟಿಯಾಗಿ ಎಣಿಸುತ್ತಿದ್ದರು: ಒಂಜಿ, ರಡ್ಡ್, ಮೂಜಿ, ನಾಲ್... ನಡುವೆ ಯಾರು ಏನು ಕೇಳಿದರೂ ಉತ್ತರ ಬರುತ್ತಿರಲಿಲ್ಲ. ಪತ್ತ್ ಆಗಿ, ಇರ್ವ ಆಗಿ, ಮುಪ್ಪ, ನಲ್ಪ ದಾಟಿ, ಐವ ಎಂದು ಐವತ್ತಕ್ಕೆ ಮುಟ್ಟಿದಾಗ ಚೊಂಬನ್ನು ಡ್ರಮ್ಮಿನ ಅಂಚಿಗೆ ಬಡಿದು, ‘ಆಂಡ್. ಪೋಯಿ’ ಎನ್ನುತ್ತಿದ್ದರು. ಆಯಿತು, ಹೋಗುವ ಎಂದು ಅರ್ಥ. ಆ ಮಾತು ಬಂದ ಮೇಲೆಯೇ ಟೆಂಪೊ ಹೊರಡುತ್ತಿದ್ದುದು.

ದೊಡ್ಡಪ್ಪನ ಕೊನೆಯ ಕೆಲವು ತಿಂಗಳು ಅಣ್ಣತಮ್ಮಂದಿರ ನಡುವೆ ಮಾತಿರಲಿಲ್ಲ. ಪಪ್ಪನಿಗೆ ಹೋಟೆಲಿನಲ್ಲಿ ಪಾವ್ ಭಾಜಿ, ಚೈನೀಸ್ ಶುರುಮಾಡುವ ಆಸೆ. ದೊಡ್ಡಪ್ಪ ಒಪ್ಪಲಿಲ್ಲ. ಒಂದು ದಿನ ಗಿರಾಕಿಗಳ ಎದುರೇ ಪಪ್ಪ, ‘ನಿನ್ನ ಇಡ್ಲಿ ತಿನ್ನಲಿಕ್ಕೆ ಇನ್ನು ಯಾರು ಬರ್ತಾರೆ?’ ಎಂದುಬಿಟ್ಟರಂತೆ. ಅದಾದ ಮೇಲೆ ದೊಡ್ಡಪ್ಪ ಹಿಟ್ಟನ್ನು ಎಣಿಸುತ್ತಿದ್ದರು, ಎಣಿಕೆ ಮುಗಿದಾಗ ‘ಪೋಯಿ’ ಎನ್ನುತ್ತಿದ್ದರು. ಪಪ್ಪನಿಗೆ ಸಿಗುತ್ತಿದ್ದ ಮಾತು ಅದೊಂದೇ. ಹಾಗಿರುವಾಗ ಒಂದು ಮಧ್ಯಾಹ್ನ ಊಟದ ಗದ್ದಲ ಮುಗಿದ ಹೊತ್ತಿಗೆ ಗಲ್ಲಾಪೆಟ್ಟಿಗೆಯ ಮೇಲೆ ತಲೆಯಿಟ್ಟು ಮಲಗಿದಂತೆ ಕಂಡ ದೊಡ್ಡಪ್ಪ ಮತ್ತೆ ಏಳಲಿಲ್ಲ. ಚೈನೀಸ್ ವಿಷಯವನ್ನು ಪಪ್ಪ ಆಮೇಲೆ ಎತ್ತಲೂ ಇಲ್ಲ.

ಮರುವರ್ಷ ಟೆಂಪೊದವನು ತನ್ನ ಊರಿಗೆ ಹೋದ. ಪಪ್ಪ ಭಿವಂಡಿಯ ಒಬ್ಬ ದಲಾಲಿಯ ಮೂಲಕ ಹಳೆಯ ಕಾರು ಕೊಂಡರು. ಹಿಂದಿನ ಸೀಟಿನ ಅರ್ಧ ಭಾಗ ಮಡಚಿದರೆ ಡ್ರಮ್ಮುಗಳು ಹಿಡಿಯುತ್ತಿದ್ದವು, ಆದರೆ ಡಿಕ್ಕಿ ಪೂರ್ತಿ ಮುಚ್ಚುತ್ತಿರಲಿಲ್ಲ. ಅದು ಪಪ್ಪನಿಗೆ ಅನುಕೂಲವೇ ಆಯಿತು. ಹುಳಿ ಬಂದ ಹಿಟ್ಟನ್ನು ಪೂರಾ ಮುಚ್ಚಬಾರದು, ಅದಕ್ಕೂ ಉಸಿರಾಡಲಿಕ್ಕೆ ಬೇಕು ಎಂಬುದು ದೊಡ್ಡಪ್ಪನ ನಿಯಮ. ಡ್ರಮ್ಮಿನ ಬಾಯಿಗೆ ಒದ್ದೆ ಬಟ್ಟೆ ಕಟ್ಟಿ, ಡಿಕ್ಕಿಯನ್ನು ಒಂದು ಗೇಣು ಎತ್ತಿ ನೈಲಾನ್ ಹಗ್ಗದಿಂದ ಬಿಗಿಯುತ್ತಿದ್ದರು. ಇನ್ನು ಕಿಟಕಿಗಳನ್ನೆಲ್ಲ ಏರಿಸಿಯೇ ಇಡುತ್ತಿದ್ದರು. ಕಲ್ಯಾಣ-ಶೀಲ್ ರಸ್ತೆಯಲ್ಲಿ ಬೆಳಗಿನ ಜಾವ ಟ್ರಕ್ಕುಗಳ ಸಾಲು, ಶೀಲ್ ಫಾಟಾದ ಕವಲಿನಲ್ಲಿ ಅವು ನಿಂತೇಬಿಡುತ್ತಿದ್ದವು. ಅವುಗಳ ಹೊಗೆ, ಧೂಳು ಹಿಟ್ಟಿಗೆ ಬೀಳಬಾರದಲ್ಲ.

ಮೊದಲು ಶುರುವಾದದ್ದು ತಲೆನೋವು. ಪಪ್ಪ ಹೋಟೆಲಿನಿಂದ ಮಧ್ಯಾಹ್ನ ಬಂದವರೇ ಹಣೆಗೆ ಮುಲಾಮು ಹಚ್ಚಿಕೊಂಡು ಮಲಗುತ್ತಿದ್ದರು. ಅಮ್ಮ ಕನ್ನಡಕದ ನಂಬರು ಬದಲಾಗಿದೆ ಎಂದಳು. ಕನ್ನಡಕ ಬದಲಾಯಿತು, ತಲೆನೋವು ಹೋಗಲಿಲ್ಲ. ಆದರೆ ಪಪ್ಪ ಅದರ ಬಗ್ಗೆ ಗೊಣಗುವುದನ್ನು ನಿಲ್ಲಿಸಿದರು. ಅಷ್ಟೇ ಅಲ್ಲ, ಬೆಳಿಗ್ಗೆ ಬೇಗ ಹೊರಡತೊಡಗಿದರು. ಶನಿವಾರ ಬಂದರೆ ಭಾನುವಾರ ರಜೆ ಎಂದು ಮುಖ ಸಣ್ಣ ಮಾಡುತ್ತಿದ್ದರು. ದೊಡ್ಡಪ್ಪ ಹೋದ ಮೇಲೆ ಅಷ್ಟು ಉತ್ಸಾಹದಲ್ಲಿ ನಾನು ಅವರನ್ನು ನೋಡಿರಲಿಲ್ಲ.

ಒಂದು ಸಂಜೆ ಗಾಳಾದಲ್ಲಿ ಅಕ್ಕಿ ತೊಳೆಯುತ್ತಿದ್ದಾಗ ಅವರಾಗಿಯೇ ಹೇಳಿದರು. ಮನೆಯಲ್ಲಿ ನಮ್ಮ ಮಾತು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

‘ಬಾಲೇ, ನೀನು ಕರೆಂಟಿನ ಕೆಲಸ ಕಲಿತವಳು. ಒಂದು ಕೇಳ್ತೇನೆ, ನಗಬಾರದು. ಕಾರಿನ ದೀಪ ತನ್ನಷ್ಟಕ್ಕೆ ಮಿಣುಕ್ತದಾ?’

ನಾನು ಆಗ ಡಿಪ್ಲೊಮಾ ಮುಗಿಸಿ ಎಂಐಡಿಸಿಯ ಒಂದು ಕಾರ್ಖಾನೆಯಲ್ಲಿ ಇನ್‌ವರ್ಟರ್ ಪರೀಕ್ಷಿಸುವ ಕೆಲಸದಲ್ಲಿದ್ದೆ. ‘ಯಾವ ದೀಪ?’ ಎಂದೆ.

‘ಸ್ಟೇರಿಂಗ್ ಎದುರಿನ ಮೀಟರಿನಲ್ಲಿ ಎರಡುಂಟು. ಒಂದು ಎಣ್ಣೆ ಡಬ್ಬಿಯ ಚಿತ್ರದ್ದು, ಕೆಂಪು. ಇನ್ನೊಂದು ಎಂಜಿನ್ ಚಿತ್ರದ್ದು, ಹಳದಿ. ಶೀಲ್ ಫಾಟಾದಲ್ಲಿ ಟ್ರಕ್ಕುಗಳ ಹಿಂದೆ ನಿಲ್ತೇನಲ್ಲ, ಆಗ ಎರಡೂ ಒಟ್ಟಿಗೆ ಮಿಣುಕ್ತವೆ. ಬೇರೆ ಎಲ್ಲಿಯೂ ಇಲ್ಲ, ಅಲ್ಲಿಯೇ.’

‘ಲೂಸ್ ಕನೆಕ್ಷನ್ ಇರಬಹುದು.’

ಪಪ್ಪ ಅಕ್ಕಿಯ ನೀರು ಬಸಿದರು. ‘ದೀಪ ಮಿಣುಕಿದ ಮೇಲೆ ಅಣ್ಣ ಎಣಿಸಲಿಕ್ಕೆ ಶುರುಮಾಡ್ತಾನೆ’ ಎಂದರು.

ನಾನು ನಗಲಿಲ್ಲ.

‘ಹಿಂದಿನ ಸೀಟಿನಿಂದ. ಮೊದಮೊದಲು ಪತ್ತ್‌ವರೆಗೆ ಬರ್ತಿತ್ತು, ಅಷ್ಟರಲ್ಲಿ ಟ್ರಕ್ಕು ಸರಿಯುತ್ತಿತ್ತು. ಆಮೇಲೆ ಇರ್ವ ಆಯಿತು. ನಿನ್ನೆ ಮುಪ್ಪ ದಾಟಿತು. ದಿನದಿನ ಮುಂದೆ ಹೋಗ್ತಾ ಉಂಟು.’ ಅವರ ಮುಖದಲ್ಲಿ ಹೆದರಿಕೆಯ ಸುಳಿವೂ ಇರಲಿಲ್ಲ. ಊರಿನ ಬಸ್ಸಿಗೆ ಕಾಯುವವರ ಮುಖ ಅದು. ‘ಒಂದು ದಿನ ಪೂರ್ತಿ ಆಗ್ತದೆ ನೋಡು. ಎಣಿಕೆ ಮುಗಿದ ಮೇಲೆ ಅವನು ನನ್ನ ಹತ್ತಿರ ಮಾತಾಡಲೇಬೇಕು.’

ಎಣಿಕೆ ಮುಗಿದ ಮೇಲೆ ದೊಡ್ಡಪ್ಪ ಆಡುತ್ತಿದ್ದ ಮಾತು ಯಾವುದು ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಪಪ್ಪ ಅದನ್ನು ಯೋಚಿಸಿರಲಿಲ್ಲವೋ, ಯೋಚಿಸಿಯೂ ಕಾಯುತ್ತಿದ್ದರೋ, ಕೇಳುವ ಧೈರ್ಯ ನನಗಿರಲಿಲ್ಲ.

ಮರುದಿನ ಬೆಳಿಗ್ಗೆ ದೀಪ ನೋಡುವ ನೆಪದಲ್ಲಿ ನಾನೂ ಹೊರಟೆ. ಮುಂದಿನ ಸೀಟಿನಲ್ಲಿ ಬೇಳೆ, ತರಕಾರಿ ಚೀಲಗಳಿದ್ದವು. ಡ್ರಮ್ಮುಗಳ ಪಕ್ಕ ಹಿಂದಿನ ಸೀಟಿನ ಅರ್ಧದಲ್ಲಿ ಮುದುಡಿ ಕೂತೆ. ಒಳಗೆ ಹುಳಿಹಿಟ್ಟಿನ ವಾಸನೆ ಎಷ್ಟು ಗಾಢವಾಗಿತ್ತೆಂದರೆ ಬೇರೆ ಯಾವ ವಾಸನೆಗೂ ಅಲ್ಲಿ ಜಾಗವಿರಲಿಲ್ಲ. ಅದು ಚಿಕ್ಕಂದಿನಿಂದ ನಮ್ಮ ಬಟ್ಟೆಗಳಲ್ಲಿ, ಪುಸ್ತಕಗಳಲ್ಲಿ ಇದ್ದ ವಾಸನೆ. ನಾವು ಅದನ್ನು ಮೂಸುವುದನ್ನೇ ಬಿಟ್ಟಿದ್ದೆವು. ಒದ್ದೆ ಬಟ್ಟೆಯ ಕೆಳಗೆ ಹಿಟ್ಟು ಗುಳ್ಳೆ ಎದ್ದು ಒಡೆಯುತ್ತಿತ್ತು. ಯಾರೋ ತುಟಿ ತೆರೆದು ಮುಚ್ಚಿದ ಹಾಗೆ ಮೆಲ್ಲನೆಯ ಸದ್ದು.

ಕಾಟಯಿ ನಾಕಾ ದಾಟುವಾಗ ಆಕಳಿಕೆ ಬಂತು. ಶೀಲ್ ಫಾಟಾ ತಲಪುವ ಹೊತ್ತಿಗೆ ಹಣೆಯ ಎರಡೂ ಬದಿ ಬಿಗಿಯುತ್ತಿತ್ತು. ಎದುರು ಟ್ರಕ್ಕುಗಳು ನಿಂತಿದ್ದವು, ಅವುಗಳ ಹಿಂದಿನ ಕೆಂಪು ದೀಪಗಳು ಮಂಜಿನಲ್ಲಿ ಹಿಗ್ಗಿ ಕಾಣುತ್ತಿದ್ದವು. ಪಪ್ಪ ಗೇರ್ ತಪ್ಪಿಸಿ ಕಾಲು ತೆಗೆದರು. ಎಂಜಿನ್ ನಿಧಾನವಾಯಿತು.

‘ಹಾಂ, ನೋಡು’ ಎಂದರು.

ಸೀಟುಗಳ ನಡುವಿನಿಂದ ಬಾಗಿ ನೋಡಿದೆ. ಮೀಟರಿನ ಕತ್ತಲಲ್ಲಿ ಒಂದು ಕೆಂಪು, ಒಂದು ಹಳದಿ, ಒಂದೇ ಸಮಕ್ಕೆ ನಡುಗುತ್ತಿದ್ದವು. ಒಂದು ಮಂದವಾದರೆ ಇನ್ನೊಂದೂ ಮಂದ. ಎರಡು ಬಲ್ಬುಗಳಿಗೆ ಅಷ್ಟು ಹೊಂದಾಣಿಕೆ ಇರಬಾರದು ಎಂದು ಅನಿಸಿದ್ದು ಆಗಲೇ. ಆದರೆ ಆ ಯೋಚನೆಯನ್ನು ಹಿಡಿದಿಟ್ಟುಕೊಳ್ಳಲು ಆಗಲಿಲ್ಲ. ತಲೆ ಹತ್ತಿ ತುಂಬಿದಂತಾಗಿತ್ತು. ಹಿಂದಕ್ಕೆ ಒರಗಿದೆ.

ಮಿಣುಕನ್ನು ಎಣಿಸೋಣವೆಂದು ತುಟಿಯಲ್ಲೇ ಶುರುಮಾಡಿದೆ. ಎಣಿಸುವುದು ನನ್ನ ಚಟ. ಮರಾಠಿ ಶಾಲೆಯಲ್ಲಿ ಓದಿದ್ದರಿಂದ ಲೆಕ್ಕವೆಲ್ಲ ನನಗೆ ಮರಾಠಿಯಲ್ಲೇ ಬರುತ್ತದೆ. ಸ್ವಲ್ಪ ಹೊತ್ತಿನಲ್ಲಿ ಅದು ಎಣಿಕೆಯಿಂದ ಮಗ್ಗಿಗೆ ಜಾರಿತು: ಬೇ ಏಕೇ ಬೇ, ಬೇ ದುಣೇ ಚಾರ್... ಎರಡರ ಮಗ್ಗಿ, ತರಗತಿಯಲ್ಲಿ ರಾಗವಾಗಿ ಹೇಳಿಸುತ್ತಿದ್ದಂತೆಯೇ. ನನ್ನ ಧ್ವನಿ ಚಿಕ್ಕ ಹುಡುಗಿಯದ್ದಾಗಿ ಕೇಳಿಸಿತು. ಸಾಕೆಂದು ತುಟಿ ಮುಚ್ಚಿಕೊಂಡೆ.

ಮಗ್ಗಿ ನಿಲ್ಲಲಿಲ್ಲ.

ಡ್ರಮ್ಮಿನ ಆಚೆ ಬದಿಯಿಂದ, ಕೂರಲು ಜಾಗವೇ ಇಲ್ಲದಿದ್ದ ಕಡೆಯಿಂದ ಅದು ಮುಂದುವರಿಯುತ್ತಿತ್ತು. ಅವಸರವಿಲ್ಲ, ತಪ್ಪಿಲ್ಲ. ಮೂರರ ಮಗ್ಗಿ ಶುರುವಾಯಿತು. ಕೈಯಿಂದ ಬಾಯಿ ಒತ್ತಿ ಹಿಡಿದೆ. ನನ್ನ ತುಟಿ ಅಲುಗುತ್ತಿಲ್ಲ ಎಂದು ನನಗೇ ರುಜುವಾತು ಬೇಕಿತ್ತು. ಮುಂದೆ ಪಪ್ಪ ತಲೆಯನ್ನು ಒಂದಿಷ್ಟು ವಾಲಿಸಿ, ಸ್ಟೇರಿಂಗ್ ಮೇಲೆ ಬೆರಳು ಬಡಿಯುತ್ತ ಏನನ್ನೋ ಕೇಳಿಸಿಕೊಳ್ಳುತ್ತಿದ್ದರು. ಅವರ ಬೆರಳಿನ ತಾಳ ನನ್ನ ಮಗ್ಗಿಯ ತಾಳವಾಗಿರಲಿಲ್ಲ.

ಹಿಂದಿನ ಟ್ರಕ್ಕು ಹಾರ್ನ್ ಹೊಡೆಯಿತು. ಕಾರು ಹೊರಟಿತು, ದೀಪಗಳು ಆರಿದವು. ಮಹಾಪೆಯ ಇಳಿಜಾರಿನಲ್ಲಿ ಕಿಟಕಿ ಇಳಿಸಿ ಹೊರಗೆ ತಲೆ ಹಾಕಿದೆ.

‘ಧೂಳು ಬೀಳ್ತದೆ, ಮುಚ್ಚು’ ಎಂದರು ಪಪ್ಪ. ಆಮೇಲೆ ಮೆತ್ತಗೆ, ‘ನಿನಗೂ ಕೇಳಿಸಿತಲ್ಲ?’

‘ನನಗೆ ಕೇಳಿಸಿದ್ದು ಮರಾಠಿ ಮಗ್ಗಿ.’

‘ಅಣ್ಣನಿಗೆ ಮರಾಠಿಯೂ ಬರ್ತಿತ್ತು’ ಎಂದರು.

ಭಾನುವಾರ ಹೋಟೆಲಿಗೆ ರಜೆ. ತಂತಿಗಳನ್ನು ಪರೀಕ್ಷಿಸಲು ಕಾರ್ಖಾನೆಯಿಂದ ಮಲ್ಟಿಮೀಟರ್ ತಂದಿದ್ದೆ. ಕಟ್ಟಡದ ಅಂಗಳದಲ್ಲಿ ಬಾನೆಟ್ ತೆರೆದು ನಿಂತೆ. ಪಪ್ಪ ತುಸು ದೂರದಲ್ಲಿ ಪೇಪರ್ ಹಿಡಿದು ಕೂತಿದ್ದರು, ಓದುತ್ತಿರಲಿಲ್ಲ.

ಕೀ ತಿರುಗಿಸಿ ಎಂಜಿನ್ ಚಾಲೂ ಮಾಡದೆ ಬಿಟ್ಟರೆ ಎರಡೂ ದೀಪ ಹೊತ್ತಿದವು. ಅದು ಸರಿ, ಬಲ್ಬು ಜೀವಂತ ಇದೆ ಎಂದು ತೋರಿಸಲು ಎಲ್ಲ ಕಾರುಗಳಲ್ಲೂ ಹಾಗೆಯೇ. ಎಂಜಿನ್ ಚಾಲೂ ಮಾಡಿದೆ. ಎರಡೂ ಆರಿದವು, ಒಂದೇ ಗಳಿಗೆಯಲ್ಲಿ. ನಿಲ್ಲಿಸಿ ಮತ್ತೆ ಮಾಡಿದೆ. ಮತ್ತೆ ಒಂದೇ ಗಳಿಗೆ. ಕೆಂಪು ದೀಪ ಆರಬೇಕಾದದ್ದು ಎಂಜಿನ್ನಿನಲ್ಲಿ ಎಣ್ಣೆಯ ಒತ್ತಡ ಏರಿದಾಗ. ಹಳದಿ ದೀಪಕ್ಕೂ ಎಣ್ಣೆಗೂ ಸಂಬಂಧವಿಲ್ಲ. ಅದನ್ನು ಹೊತ್ತಿಸುವುದು, ಆರಿಸುವುದು ಎಂಜಿನ್ನಿನ ಕಂಪ್ಯೂಟರ್ ಡಬ್ಬಿ.

ಎಂಜಿನ್ನಿನ ಕೆಳಬದಿಯಲ್ಲಿ ಎಣ್ಣೆಯ ಸ್ವಿಚ್ಚು ಇರುತ್ತದೆ, ಅದಕ್ಕೆ ಒಂದೇ ತಂತಿ. ಎಂಜಿನ್ ನಿಲ್ಲಿಸಿ, ಕೀ ಮಾತ್ರ ಆನ್ ಇಟ್ಟು, ಅಮ್ಮನನ್ನು ಕರೆದು ಡ್ರೈವರ್ ಸೀಟಿನಲ್ಲಿ ಕೂರಿಸಿದೆ. ‘ಮೀಟರ್ ನೋಡ್ತಾ ಇರು. ಏನಾಯ್ತು ಹೇಳು.’

‘ನನಗೆ ಲೈಸೆನ್ಸ್ ಇಲ್ಲ ಮಾರಾಯ್ತಿ’ ಎಂದಳು ಅಮ್ಮ.

‘ನೋಡಲಿಕ್ಕೆ ಲೈಸೆನ್ಸ್ ಬೇಡ.’

ಕೈ ಹಾಕಿ ಆ ತಂತಿಯನ್ನು ಕಿತ್ತೆ. ಹಾಗೆ ಮಾಡಿದರೆ ಕೆಂಪು ದೀಪ ಮಾತ್ರ ಆರಬೇಕು.

‘ಎರಡೂ ಕಣ್ಣು ಮುಚ್ಚಿದವು’ ಎಂದು ಅಮ್ಮ ಒಳಗಿನಿಂದ ಕೂಗಿದಳು.

ತಂತಿ ಮುಟ್ಟಿಸಿದೆ. ‘ತೆರೆದವು.’ ಕಿತ್ತೆ. ‘ಮುಚ್ಚಿದವು. ಎಂತದಿದು, ನನ್ನನ್ನೇ ನೋಡಿದ ಹಾಗೆ ಆಗ್ತದೆ.’

ಮೀಟರಿನ ಸ್ಕ್ರೂಗಳನ್ನು ಬಿಚ್ಚಿ ಮುಂದಕ್ಕೆ ಎಳೆದು ಹಿಂಬದಿಯ ತಂತಿಗಳನ್ನು ಒಂದೊಂದಾಗಿ ಪರೀಕ್ಷಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಕೊನೆಗೆ ಕಂಡಿತು. ಹಳದಿ ದೀಪದ ತಂತಿಯನ್ನು ಯಾರೋ ಕತ್ತರಿಸಿದ್ದರು. ಕಂಪ್ಯೂಟರಿನ ಕಡೆಯ ತುದಿಗೆ ಕಪ್ಪು ಟೇಪು ಸುತ್ತಿ ಒಳಗೆ ತುರುಕಿದ್ದರು. ದೀಪದ ಕಡೆಯ ತುದಿಯನ್ನು ಸಣ್ಣದೊಂದು ತುಂಡು ತಂತಿಯಿಂದ ಎಣ್ಣೆಯ ದೀಪಕ್ಕೆ ಜೋಡಿಸಿದ್ದರು. ಕೆಲಸ ಅಚ್ಚುಕಟ್ಟಾಗಿತ್ತು. ಕಾರು ಕೊಳ್ಳಲು ಬಂದವನು ಕೀ ತಿರುಗಿಸಿ ನೋಡಿದರೆ ದೀಪ ಹೊತ್ತಬೇಕು, ಎಂಜಿನ್ ಹೊರಟಾಗ ಆರಬೇಕು. ಅಷ್ಟನ್ನು ನಟಿಸಲು ದೀಪಕ್ಕೆ ಕಲಿಸಿ, ಎಂಜಿನ್ನಿನ ದೋಷ ಮುಚ್ಚಿಟ್ಟು ಮಾರಿದ್ದರು. ಹಿಂದಿನ ಮಾಲೀಕನೋ ದಲಾಲಿಯೋ ಗೊತ್ತಿಲ್ಲ. ಶೀಲ್ ಫಾಟಾದಲ್ಲಿ ಕಾದ ಎಂಜಿನ್ ನಿಧಾನಕ್ಕೆ ತಿರುಗುವಾಗ ಎಣ್ಣೆಯ ಒತ್ತಡ ಇಳಿದು ಕೆಂಪು ದೀಪ ಮಿಣುಕುತ್ತಿತ್ತು, ಹಳದಿಯದು ಅದರ ಬಾಲ ಹಿಡಿದು ಮಿಣುಕುತ್ತಿತ್ತು.

ತುಂಡು ತಂತಿಯನ್ನು ಕತ್ತರಿಸಿ ತೆಗೆದೆ. ಟೇಪು ಸುಲಿದು ಎರಡು ಮೂಲ ತುದಿಗಳನ್ನು ಸೇರಿಸಿದೆ. ಪಪ್ಪ ಪೇಪರ್ ಬಿಟ್ಟು ಬಾಗಿಲ ಬಳಿ ಬಂದು ನಿಂತಿದ್ದರು. ಕೀ ತಿರುಗಿಸಿದೆ, ಎರಡೂ ಹೊತ್ತಿದವು. ಎಂಜಿನ್ ಚಾಲೂ ಆಯಿತು. ಕೆಂಪು ಆರಿತು.

ಹಳದಿ ಹಾಗೆಯೇ ಉಳಿಯಿತು. ಮಿಣುಕದೆ, ನಡುಗದೆ ಒಂದೇ ಸಮನೆ ಉರಿಯಿತು. ಎಷ್ಟು ತಿಂಗಳಿಂದ ಆ ಸಂಕೇತ ಟೇಪಿನ ಒಳಗಿನ ತುದಿಯವರೆಗೆ ಬಂದು ಬಂದು ಕತ್ತಲಲ್ಲಿ ನಿಂತಿತ್ತೋ.

ಅಂದೇ ಸಂಜೆ ಕಿಟಕಿಗಳನ್ನೆಲ್ಲ ಇಳಿಸಿಕೊಂಡು ಪಪ್ಪನೊಂದಿಗೆ ಕಲ್ಯಾಣದ ಗ್ಯಾರೇಜಿಗೆ ಹೋದೆ. ಗ್ಯಾರೇಜಿನವನು ತನ್ನ ಯಂತ್ರ ಜೋಡಿಸಿ ನೋಡಿದ. ಹೊಗೆಯನ್ನು ಅಳೆಯುವ ಸೆನ್ಸರ್ ಸತ್ತಿದೆ, ಎಂಜಿನ್ ಬೇಕಾದ್ದಕ್ಕಿಂತ ಹೆಚ್ಚು ಪೆಟ್ರೋಲ್ ಕುಡಿದು ಅರೆಬರೆ ಸುಡುತ್ತಿದೆ ಎಂದ. ಕಾರಿನ ಕೆಳಗೆ ತೂರಿ ಹೊರಬಂದವನು ಡಿಕ್ಕಿಯ ಹಗ್ಗವನ್ನೂ ಡ್ರಮ್ಮಿನ ಗುರುತುಗಳನ್ನೂ ನೋಡಿದ.

‘ಡಿಕ್ಕಿ ಖುಲ್ಲಾ ರಖ್ ಕೇ ಚಲಾತೇ ಹೋ? ಕಾಂಚ್ ಬಂದ್? ಸೇಠ್, ಸೈಲೆನ್ಸರ್ ಫಟಾ ಹೈ. ಪೂರಾ ಗ್ಯಾಸ್ ಅಂದರ್ ಆತಾ ಹೈ. ಕಿಸೀ ದಿನ್ ಸೋತೇ ರಹ್ ಜಾಓಗೇ.’

ಡಿಕ್ಕಿ ತೆರೆದು ಕಿಟಕಿ ಮುಚ್ಚಿದರೆ ಒಡೆದ ಸೈಲೆನ್ಸರಿನ ಹೊಗೆಯೆಲ್ಲ ಒಳಗೇ ಬರುತ್ತದೆ, ಒಂದು ದಿನ ನಿದ್ದೆಯಲ್ಲೇ ಉಳಿದುಬಿಡುತ್ತೀರಿ. ಹಿಟ್ಟಿಗೆ ಗಾಳಿ ಬೇಕೆಂದು ತೆರೆದದ್ದು, ಹಿಟ್ಟಿಗೆ ಹೊಗೆ ಬೇಡವೆಂದು ಮುಚ್ಚಿದ್ದು, ಎರಡೂ ಸೇರಿ ಕಾರನ್ನು ಏನು ಮಾಡಿದ್ದವು ಎಂದು ನನಗೆ ಆಗ ತಿಳಿಯಿತು.

‘ಆಮೇಲೆ ನೋಡುವ’ ಎಂದರು ಪಪ್ಪ. ಗ್ಯಾರೇಜಿನವನು ಎರಡು ದಿನ ಕಾರು ಬಿಡಿ ಎಂದ. ‘ನಾಳೆ ಹಿಟ್ಟು ಹೋಗಬೇಕು’ ಎಂದು ಕೀ ತೆಗೆದುಕೊಂಡರು.

ಮನೆಯ ಅಂಗಳದಲ್ಲಿ ಕಾರು ನಿಲ್ಲಿಸಿ ಇಳಿಯದೆ ಕೂತರು. ಹಳದಿ ದೀಪ ಅವರ ಗಲ್ಲದ ಕೆಳಗೆ ಬೆಳಗುತ್ತಿತ್ತು.

‘ಬಾಲೇ, ಆ ತಂತಿಯನ್ನು ಮೊದಲಿನ ಹಾಗೇ ಮಾಡಿಡು.’

‘ಪಪ್ಪ, ಅವನು ಹೇಳಿದ್ದು ಕೇಳಿಸಲಿಲ್ವಾ? ಅದು ದೊಡ್ಡಪ್ಪ ಅಲ್ಲ, ಹೊಗೆ. ತಲೆಗೆ ಹತ್ತಿದ ಹೊಗೆ.’

‘ಹೊಗೆಯೇ ಇರಲಿ. ನಿನ್ನೆ ನಲ್ಪ ದಾಟಿತು. ಇನ್ನು ಸ್ವಲ್ಪ ಉಂಟು.’

‘ಮುಗಿದರೆ ಅವರು ಏನು ಹೇಳ್ತಾರೆ ಗೊತ್ತಲ್ಲ ನಿಮಗೆ?’

‘ಗೊತ್ತುಂಟು’ ಎಂದರು. ಬಹಳ ಸಹಜವಾಗಿ ಎಂದರು. ‘ಆದರೆ ಅದನ್ನು ಹೇಳುವ ಮೊದಲು ಅವನು ನನ್ನ ಮುಖ ನೋಡ್ತಾನಲ್ಲ. ಯಾವಾಗಲೂ ನೋಡ್ತಿದ್ದ, ತಮ್ಮ ತಯಾರಿದ್ದಾನಾ ಅಂತ. ಅಷ್ಟು ಸಾಕು ನನಗೆ.’

ತಂತಿಯನ್ನು ನಾನು ಮುಟ್ಟಲಿಲ್ಲ. ಅಡುಗೆಮನೆಯಲ್ಲಿ ಅಮ್ಮನಿಗೆ ಎಲ್ಲ ಹೇಳಿದೆ. ಅವಳು ತೆಂಗಿನಕಾಯಿ ತುರಿಯುವುದನ್ನು ನಿಲ್ಲಿಸದೆ ಕೇಳಿಸಿಕೊಂಡಳು. ಕೀಯನ್ನು ಅಡಗಿಸಿಡೋಣ ಎಂದೆ. ‘ಅಡಗಿಸಿದರೆ ಬೇರೆ ಮಾಡಿಸಿ ತರ್ತಾರೆ. ನಿನ್ನ ಅಪ್ಪನಿಗೆ ಅಣ್ಣನ ಹಟವೇ ಬಂದದ್ದು’ ಎಂದಳು.

ಬೆಳಗಿನ ಜಾವ ಎದ್ದು ನೋಡಿದರೆ ಅಮ್ಮ ಸೀರೆ ಉಟ್ಟು, ತಲೆ ಬಾಚಿ, ಕಾರಿನ ಹಿಂದಿನ ಸೀಟಿನಲ್ಲಿ ಡ್ರಮ್ಮಿನ ಪಕ್ಕ ಕೂತಾಗಿತ್ತು. ಪಪ್ಪ ಹಗ್ಗ ಬಿಗಿಯುತ್ತ ರೇಗುತ್ತಿದ್ದರು.

‘ನಿನಗೆ ಎಂತ ಕೆಲಸ ಅಲ್ಲಿ?’

‘ನಿಮ್ಮ ಅಣ್ಣನ ಹತ್ತಿರ ನನಗೂ ಮಾತುಂಟು. ಮದುವೆಯಾಗಿ ಬಂದ ವರ್ಷ ನನ್ನ ಸಾರಿಗೆ ಉಪ್ಪಿಲ್ಲ ಅಂದಿದ್ದರು. ಕೇಳಬೇಕು.’

ನಾನೂ ಬರುತ್ತೇನೆ ಎಂದೆ. ‘ಜಾಗ ಎಲ್ಲುಂಟು? ನೀನು ಕೆಲಸಕ್ಕೆ ಹೋಗು’ ಎಂದು ಅಮ್ಮ ಬಾಗಿಲು ಎಳೆದುಕೊಂಡಳು. ಕಿಟಕಿಯನ್ನು ಒಂದಿಷ್ಟು ಇಳಿಸಿ ಇಟ್ಟುಕೋ ಎಂದು ಕೈಸನ್ನೆ ಮಾಡಿದೆ. ಅವಳು ನೋಡಿದಳೋ ಇಲ್ಲವೋ. ಕಾರು ಗೇಟು ದಾಟಿತು. ಎತ್ತಿ ಕಟ್ಟಿದ ಡಿಕ್ಕಿಯ ಸಂದಿನಿಂದ ಡ್ರಮ್ಮುಗಳ ಬಿಳಿ ಬಟ್ಟೆ ಕಾಣುತ್ತಿತ್ತು, ಸುತ್ತಿ ಕಟ್ಟಿದ ತಲೆಗಳ ಹಾಗೆ.

ಆ ದಿನ ನಾನು ಕೆಲಸಕ್ಕೆ ಹೋಗಲಿಲ್ಲ. ಕರೆ ಮಾಡಿದರೆ ಇಬ್ಬರೂ ಫೋನ್ ಎತ್ತಲಿಲ್ಲ. ಕಡೆಗೆ ಹೋಟೆಲಿನ ಫೋನಿಗೆ ಪಪ್ಪ ಸಿಕ್ಕಿದರು. ‘ಅಮ್ಮ ವಾಂತಿ ಮಾಡಿಕೊಂಡಳು. ಈಗ ಪರವಾಗಿಲ್ಲ, ನಿಂಬೆ ಶರಬತ್ತು ಕೊಟ್ಟಿದ್ದೇನೆ’ ಎಂದರು. ಧ್ವನಿ ಸಣ್ಣಗಾಗಿತ್ತು.

ಮಧ್ಯಾಹ್ನ ಇಬ್ಬರೂ ಬಸ್ಸಿನಲ್ಲಿ ಬಂದರು, ಕಾರನ್ನು ಹೋಟೆಲಿನ ಎದುರೇ ಬಿಟ್ಟು. ಅಮ್ಮ ಮಂಚದ ಮೇಲೆ ಮಲಗಿ ಕಣ್ಣು ಮುಚ್ಚಿದಳು. ಪಪ್ಪ ಅವಳ ಕಾಲ ಬಳಿ ಕೂತರು.

‘ಎಷ್ಟರವರೆಗೆ ಕೇಳಿಸಿತು ನಿನಗೆ?’ ಎಂದು ಕೇಳಿದರು.

‘ಏನು?’

‘ಎಣಿಕೆ.’

‘ಎಣಿಕೆಯೂ ಇಲ್ಲ, ನಿಮ್ಮ ಅಣ್ಣನೂ ಇಲ್ಲ’ ಎಂದಳು ಅಮ್ಮ ಕಣ್ಣು ತೆರೆಯದೆ. ‘ನನ್ನ ಅಮ್ಮ ಇದ್ದಳು.’

ನಮ್ಮ ಅಜ್ಜಿ ತೀರಿಕೊಂಡಾಗ ಅಮ್ಮ ಇನ್ನೂ ಶಾಲೆಗೆ ಹೋಗುತ್ತಿದ್ದಳು. ಅವಳ ಬಗ್ಗೆ ಅಮ್ಮ ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ.

‘ಏನು ಹೇಳಿದರು?’ ಎಂದರು ಪಪ್ಪ.

‘ಮಾತಾಡಲಿಲ್ಲ. ಹಿಂದೆ ಕೂತು ನನ್ನ ಕೂದಲು ಬಾಚಿದಳು. ಸಿಕ್ಕು ಬಿಡಿಸಿ, ಬಿಡಿಸಿ... ನೋವಾಗದ ಹಾಗೆ.’ ಅಮ್ಮ ಈಗ ಕಣ್ಣು ತೆರೆದಳು. ‘ಅರ್ಧ ಜಡೆ ಆಗಿತ್ತು, ನೀವು ಗಾಡಿ ಬಿಟ್ಟಿರಿ. ನಾಳೆಯಿಂದ ನಾನೂ ದಿನಾ ಬರ್ತೇನೆ. ಜಡೆ ಪೂರ್ತಿ ಆಗಲಿ.’

ಮೇಲಿನ ಮನೆಯಲ್ಲಿ ಯಾರೋ ಕುರ್ಚಿ ಎಳೆದರು. ಪಪ್ಪ ಅಮ್ಮನ ಮುಖವನ್ನೇ ನೋಡುತ್ತಿದ್ದರು. ಆ ಮುಖ ಬಿಳಿಚಿಕೊಂಡಿತ್ತು, ತುಟಿ ಮಾತ್ರ ಬಣ್ಣ ಹಚ್ಚಿದಂತೆ ಕೆಂಪಾಗಿತ್ತು. ಅವಳು ತಮಾಷೆ ಮಾಡುತ್ತಿಲ್ಲ ಎಂದು ನನಗನ್ನಿಸಿತು. ಪಪ್ಪನಿಗೂ ಅನ್ನಿಸಿರಬೇಕು.

‘ನೀನು ಬರಬಾರದು’ ಎಂದರು.

‘ಯಾಕೆ? ನಿಮಗೆ ನಿಮ್ಮ ಅಣ್ಣ, ನನಗೆ ನನ್ನ ಅಮ್ಮ. ಗಾಡಿಯಲ್ಲಿ ಜಾಗ ಉಂಟು.’

‘ನಿನಗೆ ಏನಾದರೂ ಆದರೆ?’

ಅಮ್ಮ ಗೋಡೆಯ ಕಡೆ ತಿರುಗಿ ಮಲಗಿದಳು. ಪಪ್ಪ ಬಹಳ ಹೊತ್ತು ಕೂತೇ ಇದ್ದರು. ನಾನು ಚಹಾ ತಂದಿಟ್ಟೆ, ಅದು ಕೆನೆಗಟ್ಟಿತು. ಸಂಜೆಯ ಬಿಸಿಲು ಇಳಿಯುವಾಗ ಎದ್ದು ಶರ್ಟು ಹಾಕಿಕೊಂಡು, ‘ಗ್ಯಾರೇಜಿನವನ ನಂಬರ್ ಕೊಡು’ ಎಂದರು.

ಗ್ಯಾರೇಜಿನ ಹುಡುಗರು ಕಾರನ್ನು ಎಳೆದೊಯ್ದರು. ಸೈಲೆನ್ಸರ್ ಬದಲಾಯಿತು, ಸೆನ್ಸರ್ ಬದಲಾಯಿತು, ಎಣ್ಣೆಯನ್ನೂ ಹೊಸದು ಹಾಕಿದರು. ಅದುವರೆಗೆ ಹಿಟ್ಟು ಬಾಡಿಗೆ ರಿಕ್ಷಾದಲ್ಲಿ ಹೋಯಿತು. ಪಪ್ಪ ಎತ್ತರ ಕಡಿಮೆಯ ಹೊಸ ಡ್ರಮ್ಮುಗಳನ್ನು ತಂದರು, ಡಿಕ್ಕಿ ಮುಚ್ಚುವಂಥವು. ಹಿಟ್ಟು ಉಬ್ಬಿ ಹರಿಯದ ಹಾಗೆ ಬಾಯಿಯ ಬಳಿ ನಾಲ್ಕು ಬೆರಳು ಜಾಗ ಬಿಟ್ಟು ತುಂಬುವುದನ್ನು ಅಭ್ಯಾಸ ಮಾಡಿಕೊಂಡರು. ಎಣಿಸುತ್ತಿರಲಿಲ್ಲ, ಕಣ್ಣಂದಾಜು.

ಅಮ್ಮನನ್ನು ಆಮೇಲೆ ಒಂದೇ ಸಲ ಕೇಳಿದ್ದೇನೆ, ನಿಜವಾಗಿ ಅಜ್ಜಿ ಬಂದಿದ್ದಳೇ, ಪಪ್ಪನನ್ನು ಹೆದರಿಸಲು ಹೇಳಿದ್ದೇ ಎಂದು. ‘ನಿನ್ನ ಮಗ್ಗಿ ನಿಜವಾ?’ ಎಂದು ತಿರುಗಿ ಕೇಳಿದಳು.

ಕಾರು ತಯಾರಾದ ದಿನ ಮೂವರೂ ಕಲ್ಯಾಣಕ್ಕೆ ಹೋದೆವು. ಗ್ಯಾರೇಜಿನವನು ಕೀ ತಿರುಗಿಸಿ ತೋರಿಸಿದ: ಎರಡೂ ದೀಪ ಹೊತ್ತಿದವು, ಎಂಜಿನ್ ಹೊರಟಾಗ ಹಳದಿಯದು ಮೊದಲು, ಕೆಂಪು ತುಸು ತಡೆದು, ಬೇರೆ ಬೇರೆಯಾಗಿ ಆರಿದವು. ಮನೆಗೆ ಹೋಗುವ ಬದಲು ಪಪ್ಪ ಶೀಲ್ ರಸ್ತೆಗೆ ತಿರುಗಿಸಿದರು. ಹೊಸ ಹಾಸು ಹಾಕಿದ್ದರಿಂದ ಒಳಗೆ ರಬ್ಬರಿನ ವಾಸನೆ. ಕಿಟಕಿಗಳು ಅರ್ಧ ಇಳಿದಿದ್ದವು. ಅಮ್ಮ ಹಿಂದೆ ಒಬ್ಬಳೇ ಕೂತಿದ್ದಳು, ಮೂಲೆಗೆ ಸರಿದು, ಪಕ್ಕದ ಜಾಗ ಖಾಲಿ ಬಿಟ್ಟು.

ಶೀಲ್ ಫಾಟಾದಲ್ಲಿ ಟ್ರಕ್ಕುಗಳು ನಿಂತಿದ್ದವು. ಪಪ್ಪ ಅವುಗಳ ಹಿಂದೆ ನಿಲ್ಲಿಸಿ, ಗೇರ್ ತಪ್ಪಿಸಿ ಕಾಲು ತೆಗೆದರು. ಮೀಟರು ಕತ್ತಲಾಗಿತ್ತು. ಹೊರಗೆ ಅಷ್ಟು ಗದ್ದಲವಿದ್ದರೂ ಕಾರಿನೊಳಗೆ ಮೂವರೂ ಉಸಿರು ಬಿಗಿಹಿಡಿದು ಕೂತೆವು. ಒಬ್ಬೊಬ್ಬರೂ ನಮ್ಮ ನಮ್ಮವರಿಗೆ ಕಿವಿಗೊಟ್ಟಿದ್ದೆವು.

ಪಪ್ಪ ಕನ್ನಡಿಯಲ್ಲಿ ಅಮ್ಮನನ್ನು ನೋಡಿದರು. ಅಮ್ಮ ಇಲ್ಲವೆಂದು ತಲೆಯಾಡಿಸಿದಳು. ಆಮೇಲೆ ನನ್ನ ಕಡೆ ನೋಡಿದರು. ನಾನೂ ತಲೆಯಾಡಿಸಿದೆ. ಎದುರಿನ ಟ್ರಕ್ಕು ಸರಿದು ದಾರಿ ತೆರೆದಿತ್ತು, ಹಿಂದಿನವರು ಹಾರ್ನ್ ಹೊಡೆಯುತ್ತಿದ್ದರು. ಪಪ್ಪ ಕೈಯನ್ನು ಗೇರಿನ ಮೇಲಿಟ್ಟುಕೊಂಡು ಇನ್ನೂ ಸ್ವಲ್ಪ ಹೊತ್ತು ನಿಂತರು.